ಒಂದೇ ಸಿಲಿಂಡರ್‌ನಲ್ಲಿ ಹಲಸೂರಿಗೆ

ಮಧ್ಯಾಹ್ನ ಎರಡು ಇಪ್ಪತ್ತಕ್ಕೆ, ಸಮುದ್ರದ ಮೇಲೆ, ನಮ್ಮ ವಿಮಾನದ ಬಲಗಡೆಯ ಎಂಜಿನ್ ನಿಂತುಹೋಯಿತು. ಹೇಗೋ ಇಳಿದೆವು. ಆದರೆ ಬೆಂಗಳೂರು ಸೇರಿದ ಮೇಲೂ ಕಣ್ಣು ಮುಚ್ಚಿದರೆ ಸಾಕು, ಸದ್ದು ಅರ್ಧಕ್ಕಿಳಿದ ಆ ಗಳಿಗೆ ಮರಳುತ್ತಿತ್ತು. ವಾರಗಟ್ಟಲೆ ನಿದ್ದೆಯಿಲ್ಲ.

ಶಿವಾಜಿನಗರದಲ್ಲಿ ನನ್ನ ಸ್ಕೂಟರ್ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್‌ಗೆ ವಿಮಾನಗಳ ಹುಚ್ಚು. ಒಮ್ಮೆಯೂ ಹತ್ತಿದವರಲ್ಲ. ಉದ್ದನೆಯ ಸ್ಕ್ರೂಡ್ರೈವರ್‌ನ ಹಿಡಿಯನ್ನು ಕಿವಿಗಿಟ್ಟು, ತುದಿಯನ್ನು ಎಂಜಿನ್‌ಗೆ ಒತ್ತಿ, ಕಣ್ಣು ಮುಚ್ಚಿ ಆಲಿಸುತ್ತಿದ್ದರು. ಅದೇ ಧ್ಯಾನದಲ್ಲಿ ಎರಡು ಕಂಪನಿಗಳ ದೊಡ್ಡ ಜೆಟ್‌ಗಳನ್ನು ತೂಗುತ್ತಿದ್ದರು: "ಅದು ಚೂರು ಫಾಸ್ಟು, ಇದು ಕಮ್ಮಿ ಕುಡಿಯುತ್ತೆ. ಸ್ಪೀಡ್ ಬಿಡಿ ಮೇಡಂ, ಉಸಿರು ನೋಡಿ."

ನನ್ನ ಕಥೆಗೆ ಅವರ ಮೊದಲ ಪ್ರಶ್ನೆ, "ಎರಡರಲ್ಲಿ ಯಾವ ಕಂಪನಿದು?"

"ಜೀವ ಹೋಗ್ತಿತ್ತು ರೀ!"

"ಅರೆ, ಎರಡೂ ಒಂದೇ ಎಂಜಿನ್‌ನಲ್ಲಿ ಗಂಟೆಗಟ್ಟಲೆ ಹಾರ್ತವೆ. ನಿಧಾನ, ಸ್ವಲ್ಪ ಕೆಳಗೆ, ಅಷ್ಟೇ. ನಂಬಲ್ವಾ? ಕೂತ್ಕೊಳ್ಳಿ."

ತಮ್ಮ ಹಳೆಯ ಎರಡು ಸಿಲಿಂಡರ್ ಬೈಕಿನ ಬಲಗಡೆಯ ಪ್ಲಗ್ ವೈರ್ ಕಿತ್ತು ಪಕ್ಕಕ್ಕೆ ಕಟ್ಟಿದರು. ಉಳಿದ ಒಂದೇ ಸಿಲಿಂಡರ್‌ನಲ್ಲಿ ಬೈಕು ಕೆಮ್ಮುತ್ತಾ ಹೊರಟಿತು. "ಏನ್ ಗುರು, ತಳ್ಳೋಣ್ವಾ?" ಎಂದ ಆಟೋದವನೊಬ್ಬ. ಇವರು ತಿರುಗಿಯೂ ನೋಡಲಿಲ್ಲ. ಸಂಜೆಯ ಬೆಳಕಿನಲ್ಲಿ, ಮೋಡದ ಮೇಲೆ ತೇಲಿದಷ್ಟು ನಿಧಾನವಾಗಿ, ಹಲಸೂರು ಕೆರೆ ಮುಟ್ಟಿದೆವು.

ಎಂಜಿನ್ ಆರಿಸದೆ ಸ್ಕ್ರೂಡ್ರೈವರನ್ನು ನನ್ನ ಕೈಗಿತ್ತರು. ಬಲಗಡೆಗೆ ಒತ್ತಿದಾಗ ಬರೀ ಗಾಳಿಯಾಡುವ ಸದ್ದು. ಎಡಗಡೆಗೆ ಒತ್ತಿದೆ: ಅಲ್ಲಿ ಬಡಿತ, ಒಂಟಿಯಾಗಿ, ಒಂದೇ ಸಮನೆ.

ಅದು ಮಂಗಳವಾರ. ಅಂದು ರಾತ್ರಿ ಮಲಗಿದವಳು ಬುಧವಾರ ಬಿಸಿಲೇರಿದ ಮೇಲೆಯೇ ಎದ್ದೆ.