ಗೇಟಿನ ಬಣ್ಣದ ವಿಮಾನ

ನಮ್ಮಪ್ಪನ ಬಾಯಲ್ಲಿ ‘ಸರಿ ಐತೆ’ ಅನ್ನುವ ಎರಡು ಮಾತು ಕೇಳಬೇಕೆಂಬ ಹಟಕ್ಕೆ ನಾನು ಒಂದೇ ವಿಮಾನವನ್ನು ಏಳು ಸಲ ಕಟ್ಟಿದೆ. ಗೇಣುದ್ದದ ಪ್ಲಾಸ್ಟಿಕ್ ವಿಮಾನ. ಕೊರಿಯರ್‌ನಲ್ಲಿ ಬಿಡಿಬಿಡಿಯಾಗಿ ಬರುತ್ತದೆ, ನಾವು ಅಂಟಿಸಿ ಬಣ್ಣ ಹೊಡೆಯಬೇಕು. ಕುಣಿಗಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ, ಐವತ್ತರ ಹತ್ತಿರ ಬಂದ ಮನುಷ್ಯನಿಗೆ ಇದೆಲ್ಲ ಬೇಕಿತ್ತಾ ಎಂದು ಹೆಂಡತಿ ಕೇಳಿದ್ದುಂಟು. ಬೇಕಿತ್ತು.

ಅಪ್ಪ ವಾಯುಪಡೆಯಲ್ಲಿ ವಿಮಾನಗಳಿಗೆ ಬಣ್ಣ ಬಳಿಯುವ ಕೆಲಸದಲ್ಲಿದ್ದವರು. ರಜೆಗೆ ಗುಬ್ಬಿಗೆ ಬಂದಾಗ ಬೀದಿಯವರೆಲ್ಲ ಅವರನ್ನು ಪೈಲಟ್ ಅಂದುಕೊಂಡಿದ್ದರು. ಅಪ್ಪ ಯಾರನ್ನೂ ತಿದ್ದಲು ಹೋಗಲಿಲ್ಲ. ಈಗ ತುಮಕೂರಿನ ಮರಳೂರಿನಲ್ಲಿ ನಮ್ಮ ಜೊತೆಗಿದ್ದಾರೆ. ಮಂಡಿ ಸೋತಿದೆ, ಹಲ್ಲು ಹೋಗಿವೆ, ಆದರೆ ಕಣ್ಣಿನ ಜಂಬ ಮಾತ್ರ ಇಳಿದಿರಲಿಲ್ಲ. “ಬಣ್ಣದ ವಿಷ್ಯದಲ್ಲಿ ನನ್ ಕಣ್ಣು ಒಂದ್ಸಲಾನೂ ತಪ್ಪಿಲ್ಲ ಕಣ್ಲಾ” ಎಂದು ದಿನಕ್ಕೊಮ್ಮೆಯಾದರೂ ಹೇಳುವರು. ನನ್ನ ಮಾರ್ಕ್ಸ್ ಕಾರ್ಡನ್ನಾಗಲಿ, ನಾನು ಕಟ್ಟಿಸಿದ ಮನೆಯನ್ನಾಗಲಿ ಅವರು ಸರಿ ಎಂದವರಲ್ಲ. ಅದಕ್ಕೇ ಅವರು ಕೈಯಾರೆ ಬಣ್ಣ ಬಳಿದಿದ್ದ ವಿಮಾನದ ಮಾದರಿಯನ್ನೇ ಹುಡುಕಿ ತರಿಸಿದೆ. ಇದರಲ್ಲಾದರೂ ಪಾಸಾಗಬಹುದು ಎಂಬ ಆಸೆ.

ಮೊದಲನೆಯದರ ಬಣ್ಣಕ್ಕೆ ಮನೆ ಹತ್ತಿರದ ಹಾರ್ಡ್‌ವೇರ್ ಅಂಗಡಿಗೆ ಹೋಗಿ ತಿಳಿ ಬೂದು ಬೇಕು ಎಂದೆ.

“ಎಷ್ಟು ಚದರ ಸಾರ್?”

“ಒಂದು ಗೇಣು.”

“ಮನೆಗಲ್ವಾ?”

“ವಿಮಾನಕ್ಕೆ.”

ಅಂಗಡಿಯವರು ಸ್ವಲ್ಪ ಯೋಚಿಸಿ, “ಒಳಗಡೆಗೋ, ಹೊರಗಡೆಗೋ?” ಎಂದರು. ಹೊರಗಡೆಗೆ ಎಂದೆ. “ಹೋದ್ ತಿಂಗ್ಳು ಗೇಟಿಗೆ ಅಂತ ಬೂದು ತಗಂಡೋಗಿದ್ರಲ್ಲ, ಡಬ್ಬದ ತಳದಲ್ಲಿ ಉಳಿದಿರ್ತೈತೆ ನೋಡಿ.”

ಉಳಿದಿತ್ತು. ವಿಮಾನದ ಬಿಡಿಭಾಗಗಳ ಜೊತೆ ಬಂದಿದ್ದ ಮಾದರಿ ಹಾಳೆಯ ಬಣ್ಣಕ್ಕೂ ಗೇಟಿನ ಬಣ್ಣಕ್ಕೂ ನನ್ನ ಕಣ್ಣಿಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಮಕ್ಕಳ ಡ್ರಾಯಿಂಗ್ ಬ್ರಶ್‌ನಲ್ಲಿ ಬಳಿದೆ. ಒಂದು ರೆಕ್ಕೆಗೆ ಬ್ರಶ್ಶಿನ ಕೂದಲು ಅಂಟಿಕೊಂಡಿತು, ಬಿಟ್ಟೆ. ಅಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. “ಬಣ್ಣ ಸತ್ತೋಗೈತೆ. ಕೆಸರಲ್ಲಿ ಹೊಳ್ಳಾಡಿದ್ ಎಮ್ಮೆ ಇದ್ದಂಗೈತೆ. ಇದ್ರಲ್ಲಿ ನೀಲಿ ಎಲ್ಲೈತ್ಲಾ?” ಎಂದು ವಾಪಸು ಕೊಟ್ಟರು. ಹೆಂಡತಿ ಅದಕ್ಕೆ ದಾರ ಕಟ್ಟಿ, ಗೇಟಿನ ಪಕ್ಕದ ಸಪೋಟ ಮರಕ್ಕೆ ನೇತುಹಾಕಿದಳು. ಗಾಳಿಗೆ ತಿರುಗುತ್ತಿದ್ದ ವಿಮಾನಕ್ಕೆ ಅಳಿಲುಗಳು ಎರಡು ವಾರ ಹೆದರಿದವು.

ಬ್ರಶ್ಶಿನದು ಇನ್ನೊಂದು ರಾಮಾಯಣ. ಅಪ್ಪನ ಹತ್ತಿರ ಸರ್ವಿಸ್‌ನಲ್ಲಿದ್ದಾಗಿನ ಬ್ರಶ್ ಒಂದಿತ್ತು, ಅಳಿಲಿನ ಕೂದಲಿನದು, ಪೌಡರ್ ಡಬ್ಬಿಯಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದರು. ಕೇಳಿದ್ದಕ್ಕೆ, “ನಿನ್ ಕೈಗ್ ಕೊಟ್ರೆ ಪೊರ್ಕೆ ಮಾಡ್ತೀಯ” ಎಂದರು. “ಅಳಿಲಿನ ಕೂದಲೇ ಬೇಕಂದ್ರೆ ಹೇಳಿ ಮಾವ, ಮರದಲ್ಲಿರೋವನ್ನೆಲ್ಲ ಹಿಡಿದು ಕೊಡ್ತೀನಿ” ಎಂದಳು ಸಪೋಟ ಕಳೆದುಕೊಂಡ ನನ್ನ ಹೆಂಡತಿ. ಕೊನೆಗೆ ಗುಬ್ಬಿಯಲ್ಲಿ ನಂಬರ್ ಪ್ಲೇಟ್ ಬರೆಯುವವರೊಬ್ಬರ ಹತ್ತಿರ ಸೂಜಿಮೊನೆಯಂಥ ಬ್ರಶ್ ಸಿಕ್ಕಿತು. ಯಾತಕ್ಕೆ ಎಂದು ಕೇಳಿ ತಿಳಿದುಕೊಂಡ ಮೇಲೆ ಅವರು ಬಲು ಮರ್ಯಾದೆಯಿಂದ, “ಬಾಲಕ್ಕೆ ನಂಬರ್ ನಾನೇ ಬರ್ಕೊಡ್ತೀನಿ ಬುಡಿ ಸಾರ್, ಕೆಎ ಜೀರೋ ಸಿಕ್ಸ್ ತಾನೆ?” ಎಂದರು.

ಎರಡನೆಯ ವಿಮಾನಕ್ಕೆ ಬೂದು ಬಣ್ಣದಲ್ಲಿ ಸ್ವಲ್ಪ ನೀಲಿ ಬೆರೆಸಿದೆ. “ಇನ್ನೊಂಚೂರು ನೀಲಿ” ಎಂದರು ಅಪ್ಪ. ಮೂರನೆಯದಕ್ಕೂ ಅದೇ ಮಾತು, ನಾಲ್ಕನೆಯದಕ್ಕೂ ಅದೇ. ಎರಡು ವರ್ಷದಲ್ಲಿ ಶೋಕೇಸ್‌ನಲ್ಲಿ ಆರು ವಿಮಾನ ಸಾಲಾಗಿ ನಿಂತವು, ಒಂದಕ್ಕಿಂತ ಒಂದು ನೀಲಿ. ಏಳನೆಯದು ನಮ್ಮ ಮನೆಯ ನೀರಿನ ಡ್ರಮ್ಮಿಗೆ ಹುಟ್ಟಿದ ಹಾಗಿತ್ತು. ಬಂದ ನೆಂಟರು ಇದು ಸೆಟ್ಟಾ ಎಂದು ಕೇಳುತ್ತಿದ್ದರು. ಅಪ್ಪ ಮಾತ್ರ ಏಳನೆಯದನ್ನೂ ತಿರುಗಿಸಿ ಮುರುಗಿಸಿ ನೋಡಿ, “ಇನ್ನೂ ಸಾಲ್ದು” ಎಂದುಬಿಟ್ಟರು. ಅವತ್ತು ನನಗೆ ನಿಜವಾಗಿ ಅಳು ಬಂತು, ಅದೂ ಒಂದು ಆಟಿಕೆಗಾಗಿ.

ಅದಕ್ಕಿಂತ ನೀಲಿ ಎಲ್ಲಿ ಸಿಗುತ್ತದೆಂದು ತಿಳಿಯದೆ, ಏಳನೆಯದನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕುಣಿಗಲ್ಲಿಗೆ ಹೋದೆ. ಅಲ್ಲೊಂದು ಮ್ಯಾಚಿಂಗ್ ಸೆಂಟರ್ ಇದೆ, ಸೀರೆಗೆ ಒಪ್ಪುವ ಬ್ಲೌಸ್ ಪೀಸ್ ಮಾರುವ ಅಂಗಡಿ. ನನ್ನ ಹೆಂಡತಿಯ ಪ್ರಕಾರ ಇಡೀ ಜಿಲ್ಲೆಯಲ್ಲಿ ಬಣ್ಣ ಗೊತ್ತಿರುವುದು ಆ ಅಂಗಡಿಯವರೊಬ್ಬರಿಗೇ. ಡಬ್ಬಿ ತೆರೆದು ವಿಮಾನ ಕೊಟ್ಟೆ. ಅವರು ನಗಲಿಲ್ಲ. ಸೀರೆ ಸೆರಗನ್ನು ಹಿಡಿಯುವ ಹಾಗೆಯೇ ರೆಕ್ಕೆ ಹಿಡಿದು, ಟ್ಯೂಬ್‌ಲೈಟು ಬಿಟ್ಟು ಬೀದಿಯ ಬಿಸಿಲಿಗೆ ಬಂದು ನೋಡಿದರು. ಅಪ್ಪ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

“ನಿಮ್ ತಂದೇವ್ರಿಗೆ ವಯಸ್ಸೆಷ್ಟು?”

“ಎಪ್ಪತ್ತಾರು.”

“ಬಣ್ಣದ ತಪ್ಪಲ್ಲ ಸಾರ್, ಕಣ್ಣಿಗೆ ಪೊರೆ ಬಂದೈತೆ. ವಯಸ್ಸಾದ ಅಮ್ಮಂದ್ರು ಇಲ್ಲಿಗ್ ಬಂದು ಇಂಗೇ ಮಾಡ್ತಾರೆ. ನೀಲಿ ಅವ್ರಿಗೆ ಕಾಣಾದೇ ಇಲ್ಲ, ಅದುಕ್ಕೇ ಇನ್ನೂ ಗಾಢ ಕೊಡು ಅಂತಾರೆ. ಮೊದ್ಲು ಕಣ್ ತೋರಿಸ್ಕಂಡ್ ಬನ್ನಿ, ಆಮೇಲೆ ಪೀಸು ಅಂತೀನಿ.”

ನಾನು ವರ್ಷ ವರ್ಷವೂ ಹತ್ತನೇ ತರಗತಿಗೆ ಕಣ್ಣಿನ ಪಾಠ ಮಾಡುತ್ತೇನೆ. ಬೋರ್ಡಿನ ಮೇಲೆ ಮಸೂರ ಬರೆಯುತ್ತೇನೆ. ಪೊರೆ ಎಂದರೇನು ಎಂದು ಪ್ರಶ್ನೆ ಹಾಕಿ, ಬರೆಯದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಆ ಮಧ್ಯಾಹ್ನ ನಾನೇ ಬೆಂಚಿನ ಮೇಲೆ ನಿಲ್ಲಬೇಕಿತ್ತು.

ಆಪರೇಷನ್ ಅಂದ ಕೂಡಲೇ ಅಪ್ಪ ರೇಗಿದರು. “ನನ್ ಕಣ್ಣಿಗೇನಾಗೈತೆ? ಬಣ್ಣ ಬಳಿಯಾಕ್ ಬರ್ದಿರೋನು ಇವ್ನು, ಕೊಯ್ಯಾದು ನನ್ ಕಣ್ಣಾ?” ನಾನು ವಾರಗಟ್ಟಲೆ ಮಾಡಿದ ವಿಜ್ಞಾನದ ಪಾಠ ಗೋಡೆಗೆ ಹೇಳಿದಂತಾಯಿತು. ಕೊನೆಗೆ ಒಪ್ಪಿಸಿದವಳು ಹೆಂಡತಿ. “ಮಾಡಿಸ್ಕೊಳ್ಳಿ ಮಾವ, ಇವ್ರ ತಪ್ಪು ಇನ್ನೂ ಚೆನ್ನಾಗಿ ಕಾಣುತ್ತೆ.” ಅಪ್ಪ ಮಾರನೇ ದಿನವೇ ಹೊರಟರು.

ಎರಡೂ ಕಣ್ಣಿನ ಆಪರೇಷನ್ ಮುಗಿದು, ಕಪ್ಪು ಕನ್ನಡಕ ತೆಗೆಯಬಹುದು ಎಂದು ಡಾಕ್ಟರು ಹೇಳಿದ ದಿನ ಅಪ್ಪ ಮನೆಗೆ ಬಂದು ನೆಟ್ಟಗೆ ಶೋಕೇಸ್ ಮುಂದೆ ನಿಂತರು. ಕನ್ನಡಕ ತೆಗೆದರು.

“ಯಾವನ್ಲಾ ಇವುಕ್ ಬಣ್ಣ ಬಳ್ದೋನು? ಇವೇನು ಇಮಾನವಾ, ನೀರಿನ್ ಡ್ರಮ್ಮಾ?”

ನನಗೆ ತಡೆಯಲಾಗಲಿಲ್ಲ. “ನೀನೇ ಕಣಪ್ಪ! ಇನ್ನೊಂಚೂರು ನೀಲಿ, ಇನ್ನೊಂಚೂರು ನೀಲಿ ಅಂತ ಎರಡು ವರ್ಷ ನನ್ನ ಪ್ರಾಣ ತಿಂದೋನು ನೀನೇ! ಕಾಣ್ತಿರಲಿಲ್ಲ ನಿಂಗೆ!” ಪಕ್ಕದ ಮನೆಯವರ ಟಿವಿ ಸದ್ದು ನಿಂತಿತು, ಅಷ್ಟು ಜೋರಾಗಿ ಕೂಗಿದ್ದೆ. ಅಪ್ಪ ಆರೂ ವಿಮಾನಗಳನ್ನು ಒಂದೊಂದಾಗಿ ನೋಡಿದರು, ಚಪ್ಪಲಿ ಮೆಟ್ಟಿ ಅಂಗಳಕ್ಕೆ ಹೋದರು. ಅವರ ಪಾಲಿಗೆ ಉಳಿದಿದ್ದ ಒಂದೇ ಜಂಬವನ್ನು ನಾನು ಕಿತ್ತುಕೊಂಡಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಹಿಂದೆಯೇ ಹೋದೆ. ಅಪ್ಪ ಗೇಟಿನ ಸರಳು ಹಿಡಿದು ನಿಂತಿದ್ದರು. ದಿನಾ ತೆಗೆದು ಮುಚ್ಚುವ ಗೇಟನ್ನು ಹೊಸದಾಗಿ ನೋಡಿದವರಂತೆ ಬೆರಳಲ್ಲಿ ಸವರಿದರು. ಆಮೇಲೆ ತಲೆಯೆತ್ತಿ ಸಪೋಟ ಮರ ನೋಡಿದರು.

“ಅದುನ್ನ ಇಳ್ಸ್ಲಾ.”

ಸ್ಟೂಲು ಹಾಕಿ ಇಳಿಸಿದೆ. ಎರಡು ಬೇಸಿಗೆಯ ಬಿಸಿಲಿಗೆ ಹೊಳಪು ಹೋಗಿತ್ತು, ಬಾಲವನ್ನು ಅಳಿಲು ಕಡಿದಿತ್ತು, ಬೆನ್ನ ಮೇಲೆ ಹಕ್ಕಿ ಹಿಕ್ಕೆ. ನಲ್ಲಿಯ ಕಡೆ ನಡೆದೆ.

“ತೊಳೀಬ್ಯಾಡ ಬುಡು. ಬಿಸ್ಲು ಮಳೇಲಿ ನಿಂತಿರೋವು ಇಂಗೇ ಇರ್ತಿದ್ದೊ.” ಈಸಿಕೊಂಡು ಬಿಸಿಲಿಗೆ ಹಿಡಿದರು. ಬಹಳ ಹೊತ್ತು ನೋಡಿದರು. “ಸರಿ ಐತೆ” ಎಂದರು. ಆಮೇಲೆ ರೆಕ್ಕೆಯ ಮೇಲಿನ ಕೂದಲು ಕಂಡಿರಬೇಕು. “ಬ್ರಶ್ಶು ಸರಿ ಇಲ್ಲ.”

ಬಾಗಿಲಲ್ಲಿ ನಿಂತಿದ್ದ ಹೆಂಡತಿ, “ಅದನ್ನ ಇಳಿಸಿಬಿಟ್ರೆ ಅಳಿಲಿಗೆ ಏನ್ರೀ ಕಟ್ಟೋದು?” ಎಂದಳು. ಅಪ್ಪ ಒಳಗೆ ಹೋಗಿ, ಆರು ನೀಲಿ ವಿಮಾನಗಳನ್ನೂ ಪಂಚೆಯ ಮಡಿಲಿಗೆ ಹಾಕಿಕೊಂಡು ಬಂದರು. ಕೈಗೆಟಕುವ ಕೊಂಬೆಗೆ ಒಂದೊಂದಾಗಿ ಕಟ್ಟತೊಡಗಿದರು. ನಾನು ಕಟ್ಟುತ್ತೇನೆಂದು ಕೈ ಚಾಚಿದರೆ ತಳ್ಳಿಬಿಟ್ಟರು.

“ನೀಲಿವೆಲ್ಲ ನನ್ವು ಕಣ್ಲಾ. ಅದೊಂದು ನಿಂದು. ಒಳಗಿಟ್ಕೊ ಹೋಗು.”