ಗಂಜಿ ಇಲ್ಲದ ಗಿಡ

ನಮ್ಮದು ನೇಯ್ಗೆಯ ಮನೆ. ಮಗ್ಗ ನಿಂತು ಎಷ್ಟೋ ಕಾಲವಾಯಿತು, ಆದರೆ ಹೊಸ ಬಟ್ಟೆ ಕಂಡರೆ ಅಂಚು ಒದ್ದೆ ಮಾಡಿ ಉಜ್ಜಿ ನೋಡುವ ಚಾಳಿ ಹೋಗಿಲ್ಲ. ನೀರು ತಾಗಿದ ಕೂಡಲೇ ಜೋತುಬಿದ್ದರೆ ಆ ಬಿಗಿಯೆಲ್ಲ ಗಂಜಿಯದು, ನೂಲಿನದಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದನ್ನು ಅಮ್ಮ ನನಗೆ ಹಾಲಿನ ಜೊತೆಗೇ ಕುಡಿಸಿದ್ದಳು.

ಸೊಂಟ ಮುರಿದ ಮೇಲೆ ಅಮ್ಮನಿಗೆ ಹಿಂದೂಪುರದ ನಮ್ಮ ನಡುಮನೆಯ ಅಕ್ವೇರಿಯಮ್ಮೇ ಬೀದಿ, ಸಂತೆ, ಎಲ್ಲ. ಅದಕ್ಕೆಂದು ಪೇಟೆಯಿಂದ ಕೆಂಪಂಚಿನ ಗಿಡ ತಂದೆ. "ನೀಳ್ಳಲೋನೇ ಪೆರಿಗಿಂದಮ್ಮಾ," ನೀರಲ್ಲೇ ಬೆಳೆದದ್ದು ಎಂದು ಅಂಗಡಿಯವನು ನಾನು ಕೇಳದಿದ್ದರೂ ಮತ್ತೆ ಮತ್ತೆ ಹೇಳಿದ. ಆಗಲೇ ನನಗೆ ಒಂದು ಗುಮಾನಿ. ಅದೇ ವಾರ ಕಲ್ಯಾಣದುರ್ಗದಿಂದ ಅಣ್ಣನ ಹೆಂಡತಿ ಬಂದರು. ತಮ್ಮ ಬಾವಿಯಲ್ಲಿ ಬೆಳೆದ, ನೂಲಿನಂತೆ ಎಳೆ ಎಳೆಯಾದ ಗಿಡವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು.

ಅತ್ತಿಗೆ ಬಸ್ಸು ಹತ್ತಿದ್ದೇ ತಡ, ಅಮ್ಮ ಎರಡನ್ನೂ ನೀರಿನಿಂದೆತ್ತಿ ಹಿಡಿದಳು. ಅಂಗಡಿಯದು ನೆಟ್ಟಗೆ ನಿಂತಿತು. ಅತ್ತಿಗೆಯದು ಬೆರಳ ಮೇಲೆ ಜೋತುಬಿತ್ತು.

"ಗಂಜಿ ಬಿಟ್ಟ ಸೀರೆ ಕಣಮ್ಮ ಇದು. ಬಾವಿ ಕಸ ತಂದು ಗಿಡ ಅಂತವ್ಳೆ. ಎಸೆದ್ಬುಡು."

ನನಗೂ ಹೌದೆನಿಸಿತು. ಹಿಂದೆ ನೂಲು ನೆನೆಸುತ್ತಿದ್ದ ಹಿತ್ತಲ ಕಲ್ಲಿನ ತೊಟ್ಟಿಗೆ ಎಸೆದೆ.

ಸ್ವಲ್ಪ ದಿನಕ್ಕೆ ಅಕ್ವೇರಿಯಂ ನೀರು ಕದಡಿ ನಾರತೊಡಗಿತು. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಒಂದು ಸತ್ತ ದಿನ ಅಮ್ಮ ಊಟ ಮಾಡಲಿಲ್ಲ. ನನಗೆ ಭಯವಾಯಿತು. ಮೊದಲು ನಲ್ಲಿ ನೀರನ್ನು ಅನುಮಾನಿಸಿದೆ, ಆಮೇಲೆ ಮೀನಿನ ತಿಂಡಿಯನ್ನು, ಆಮೇಲೆ ಪಕ್ಕದ ಮನೆಯವರನ್ನೂ. ಕೊನೆಗೆ ಆ ಕೆಂಪಂಚಿನ ಗಿಡ ಕಿತ್ತರೆ ಬುಡವೆಲ್ಲ ಕೊಳೆತು ಲೋಳೆ. ಕೊಳೆಯದ ಒಂದು ಕಡ್ಡಿಯನ್ನು ಮಣ್ಣಿನ ಕುಂಡದಲ್ಲಿ ಚುಚ್ಚಿ, ಉಳಿದ ಮೀನುಗಳನ್ನು ಬಕೆಟ್ಟಿನಲ್ಲಿ ಹಿತ್ತಲಿಗೆ ಒಯ್ದೆ.

ತೊಟ್ಟಿಯಲ್ಲಿ ಅತ್ತಿಗೆಯ ಕಸ ನೆಟ್ಟಗೆ ನಿಂತಿತ್ತು. ಹಸಿರಾಗಿ, ಎಲೆಎಲೆಗೂ ಸಣ್ಣ ಗುಳ್ಳೆ ಹೊತ್ತು. ಮೀನುಗಳು ಅದರೊಳಗೆ ನುಗ್ಗಿ ಮರೆಯಾದವು. ಕೆಲವು ದಿನಕ್ಕೆ ಕುಂಡದ ಕಡ್ಡಿಯೂ ಚಿಗುರಿತು. ಕಳ್ಳ ಅಂಗಡಿಯವನು! ಅದು ನೆಲದ ಗಿಡ. ನೀರಲ್ಲಿ ಮುಳುಗಿಸಿಟ್ಟು ಮಾರಿದ್ದ.

ಅಮ್ಮನ ಕುರ್ಚಿಯನ್ನು ತೊಟ್ಟಿಯ ಪಕ್ಕಕ್ಕೆ ಹಾಕಿದೆ. ಬಹಳ ಹೊತ್ತು ನೋಡಿ, "ಇದಕ್ಕೆ ನೀರೇ ಗಂಜಿ ಕಣಮ್ಮ. ಅದಕ್ಕೆ ಈಚೆಗೆ ಬಂದ್ರೆ ಬಿದ್ದೋಯ್ತದೆ," ಅಂದಳು. ಆಮೇಲೆ ತಾನೇ ಕೇಳಿ ಫೋನು ಇಸಿದುಕೊಂಡು ಅತ್ತಿಗೆಗೆ ಮಾಡಿದಳು.

"ನಿನ್ ಗಿಡ ಚೆನ್ನಾಗದೆ ಕಣಮ್ಮ. ಬರೋವಾಗ ಇನ್ನೊಂದು ಹಿಡಿ ತಗಂಡು ಬಾ."

ಸೊಸೆಯನ್ನು ಅಮ್ಮ ಏನಾದರೂ ಕೇಳಿದ್ದು ಅದೇ ಮೊದಲು.

"ಯಾಕತ್ತೆ," ಎಂದರು ಅತ್ತಿಗೆ ಮೆಲ್ಲಗೆ, "ಮನೇಲಿ ಏನಾಯ್ತು?"