ಪಿಳ್ಳಣ್ಣನ ಉಗುರಿಗೆ ಸಿಕ್ಕದ ಗುಂಡು

ನಂದಗುಡಿ ಕಡೆಯ ಕುರುಚಲು ಕಾಡಿನಲ್ಲಿ ಜಿಂಕೆಯ ಹೆಜ್ಜೆ ಹಿಡಿದು ಹೋಗುವುದರಲ್ಲಿ ಪಿಳ್ಳಣ್ಣನನ್ನು ಮೀರಿಸುವವರಿರಲಿಲ್ಲ. ಮುಖ ಸಿಂಡರಿಸುವುದರಲ್ಲೂ ಇರಲಿಲ್ಲ. ಸಿಕ್ಕಿದ ಗುಂಡು ತುಂಬಿಕೊಂಡು ಜಿಂಕೆಗೆ ಹೊಡೆಯುವವರನ್ನು ಕಂಡರೆ ಅವನಿಗೆ ಸಾರಿನಲ್ಲಿ ನೊಣ ಕಂಡಷ್ಟು ಹೇಸಿಗೆ.

"ಜಿಂಕೆ ಮೈ ಎಷ್ಟಗಲ? ಗುಂಡು ಅದ್ರೊಳಗೆ ಹೋಗಿ ಅರಳ್ಬೇಕು. ಅರಳಿದ್ರೆ ನಿಂತಲ್ಲೇ ಬೀಳ್ತದೆ. ಮೂತಿವರೆಗೂ ತಾಮ್ರ ಹೊದ್ದಿರೋ ಗುಂಡು ಈ ಕಡೆ ಹೊಕ್ಕು ಆ ಕಡೆ ಹೋಗ್ಬಿಡ್ತದೆ. ಜಿಂಕೆ ಎಲ್ಲೋ ಪೊದೆ ಸೇರ್ಕೊಂಡು ನರಳಿ ನರಳಿ ಸಾಯ್ತದೆ" ಎನ್ನುತ್ತಿದ್ದ.

ಪಟ್ಟಣದಿಂದ ರೈಫಲ್ ಹಿಡಿದು ಯಾರೇ ಬರಲಿ, ಮೊದಲು ಅವರ ತೋಟಾ ಈಸಿಕೊಂಡು ಗುಂಡಿನ ಮೂತಿಯ ಮೇಲೆ ಹೆಬ್ಬೆರಳಿನ ಉಗುರು ಎಳೆಯುತ್ತಿದ್ದ. ಸೀಸವಾದರೆ ಗೀರು ಬೀಳುತ್ತದೆ, ತಾಮ್ರವಾದರೆ ಉಗುರು ಜಾರುತ್ತದೆ. ಉಗುರು ಜಾರಿತೆಂದರೆ ಮುಗಿಯಿತು, ಕರೆದವರು ಅಮಲ್ದಾರರೇ ಆಗಿದ್ದರೂ ಅವರ ಜೊತೆ ಒಂದು ಹೆಜ್ಜೆ ಇಡುತ್ತಿರಲಿಲ್ಲ.

ಇಂಥವನು ಅರವತ್ತೇಳರ ಯುಗಾದಿಯಲ್ಲಿ ಮೆತ್ತಗಾದ. ಕಾರಣ ಅವನ ಅಪ್ಪನ ಕಾಲದ ಕೇಪಿನ ಕೋವಿ. ಲೈಸೆನ್ಸು ಹೊಸದು ಮಾಡಿಸಲು ತಡವಾಯಿತೆಂದು ಅದನ್ನು ಪೊಲೀಸ್ ಠಾಣೆಯಲ್ಲಿ ಇಡಿಸಿಕೊಂಡು ವರ್ಷವಾಗಿತ್ತು. ಮನೆಯ ಗೋಡೆಯಲ್ಲಿ ಕೋವಿ ತೂಗುಹಾಕುತ್ತಿದ್ದ ಗೂಟಕ್ಕೆ ಹೆಂಡತಿ ಮುನಿಗಂಗಮ್ಮ ಮೊರ ನೇತುಹಾಕಿದ್ದಳು. ಆ ಮೊರ ಕಣ್ಣಿಗೆ ಬಿದ್ದಾಗಲೆಲ್ಲ ಪಿಳ್ಳಣ್ಣ ಮುಖ ತಿರುಗಿಸಿಕೊಳ್ಳುತ್ತಿದ್ದ.

ಅದು ಹೇಗೋ ಹೊಸಕೋಟೆಯ ರಸ್ತೆ ಕಂಟ್ರಾಕ್ಟರ್ ಆದಿನಾರಾಯಣಪ್ಪನವರ ಕಿವಿಗೆ ಬಿತ್ತು. ಅವರು ಹೊಸ ಮನೆ ಕಟ್ಟಿಸಿದ್ದರು. ನಡುಮನೆಯ ಗೋಡೆಗೆ ಕೊಂಬಿನ ಜಿಂಕೆಯ ತಲೆ, ಕೆಳಗೆ ಹಾಸಲು ಅದರ ಚರ್ಮ ಬೇಕಾಗಿತ್ತು. ಯುಗಾದಿಯ ದಿನ ಜೀಪಿನಲ್ಲಿ ಬಂದಿಳಿದರು.

"ಕೋವಿ ವಿಷ್ಯ ನಂಗೆ ಬಿಡಪ್ಪಾ. ಅರ್ಜಿ ಬರೆಸಿಟ್ಟಿದ್ದೀನಿ. ಷಿಕಾರಿ ಮುಗಿದ್ಮೇಲೆ ಬಂದು ಹೆಬ್ಬೆಟ್ಟು ಒತ್ತು, ತಿಂಗಳೊಳಗೆ ಕೋವಿ ನಿನ್ನ ಮನೇಲಿರ್ತದೆ" ಎಂದರು. ಮುನಿಗಂಗಮ್ಮ ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

ಅವರ ಹತ್ತಿರ ಎರಡು ಬಗೆಯ ತೋಟಾ ಇದ್ದವು. ಪಿಳ್ಳಣ್ಣ ಒಂದೊಂದಕ್ಕೂ ಉಗುರು ಎಳೆದು, ಗೀರು ಬಿದ್ದ ಐದನ್ನು ಆರಿಸಿ ಇಟ್ಟ.

"ಇದು ದೊಡ್ಡ ತೂತು ಮಾಡ್ತದಂತಲ್ಲ? ಚರ್ಮ ಹಾಳಾಗಲ್ವಾ?"

"ಚರ್ಮದ ಯೋಚ್ನೆ ಆಮೇಲೆ ಮಾಡಿ ಸ್ವಾಮಿ. ಮೊದ್ಲು ಅದು ನೆಟ್ಟಗೆ ಸಾಯ್ಲಿ."

ಯುಗಾದಿಯ ಮಾರನೆಯ ದಿನ ವರ್ಷತೊಡಕು. ಅವತ್ತು ಊರಿಗೆ ಊರೇ ಬಾಡು ತಿನ್ನಬೇಕು. ಹಿಂದಿನ ಸಂಜೆಯೇ ಬೇಟೆಯ ಗುಂಡನ್ನು ಮುನೇಶ್ವರನ ಮುಂದೆ ವೀಳ್ಯದೆಲೆಯ ಮೇಲಿಟ್ಟು, ಕುಂಕುಮ ಹಚ್ಚಿ, ಅರಿಶಿನದ ಬಟ್ಟೆಯಲ್ಲಿ ಗಂಟು ಕಟ್ಟಿ, ಹೊಡೆಯುವವನ ಕೈಗೆ ಕೊಡುವುದು ಪದ್ಧತಿ. ಆಮೇಲೆ ಬೇರೆಯವರು ಅದನ್ನು ಮುಟ್ಟುವಂತಿಲ್ಲ. ಆ ಐದನ್ನೂ ಪಿಳ್ಳಣ್ಣ ತಾನೇ ಗಂಟು ಕಟ್ಟಿ ಕಂಟ್ರಾಕ್ಟರ ಕೈಗೆ ಕೊಟ್ಟ. ದೇವರ ಮುಂದಿಟ್ಟಿದ್ದನ್ನು ಬೆಳಿಗ್ಗೆ ಮತ್ತೆ ಉಗುರಿನಿಂದ ಕೆರೆದು ನೋಡುವುದುಂಟೆ? ನೋಡಲಿಲ್ಲ.

ಬಿಸಿಲೇರುವ ಮೊದಲೇ ಕೆರೆಯಂಗಳದಲ್ಲಿ ಕೊಂಬಿನ ಜಿಂಕೆಯನ್ನು ಅರವತ್ತು ಮಾರು ದೂರದಲ್ಲಿ ತೋರಿಸಿದ. ಆದಿನಾರಾಯಣಪ್ಪನವರು ಹೊಡೆದರು. ಜಿಂಕೆ ಒಮ್ಮೆ ಬೆನ್ನು ಬಾಗಿಸಿ, ನೆಗೆದು ಓಡಿಯೇ ಹೋಯಿತು. ಅದು ನಿಂತಿದ್ದ ಜಾಗದಲ್ಲಿ ಸಿಕ್ಕಿದ್ದು ಎರಡೇ ಹನಿ ರಕ್ತ. ಪಿಳ್ಳಣ್ಣನಿಗೆ ಆಗಲೇ ಬಾಯಿ ಕಹಿಯಾಯಿತು.

ಕಂಟ್ರಾಕ್ಟರು ಒಂದು ಗಂಟೆ ಹೊಂಗೆ ನೆರಳಲ್ಲಿ ಕೂತು ಸಿಗರೇಟು ಸೇದಿದರು. "ಹೋದ್ರೆ ಹೋಗ್ಲಿ ಬಿಡು, ಇನ್ನೊಂದು ಸಿಕ್ತದೆ" ಎಂದು ಜೀಪು ಹತ್ತಿದರು. ಗಾಯಗೊಂಡ ಪ್ರಾಣಿಯನ್ನು ಬಿಟ್ಟು ಹೋಗುವವನಿಗೆ ಬೇಟೆಗಾರ ಎನ್ನುತ್ತಾರೆಯೇ? ಕಳ್ಳನಾದರೂ ಕದ್ದದ್ದನ್ನು ಹೊತ್ತುಕೊಂಡು ಹೋಗುತ್ತಾನೆ.

ಊರಿನಲ್ಲಿ ಖಾರ ಅರೆದಿಟ್ಟುಕೊಂಡು ತಮ್ಮ ತಮ್ಮ ಪಾಲಿನ ಗುಡ್ಡೆ ಮಾಂಸಕ್ಕೆ ಕಾದವರು ಕೊನೆಗೆ ಕೋಳಿ ಕುಯ್ದುಕೊಂಡು, ಪಿಳ್ಳಣ್ಣನಿಗೆ ವಯಸ್ಸಾಯಿತು ಎಂದು ಆಡಿಕೊಂಡರು. ಅವನು ಮಾತ್ರ ಕುರುಚಲಲ್ಲಿ ಒಂದೊಂದು ಹನಿ ಹುಡುಕುತ್ತ ಅಲೆದ. ಮೂರನೆಯ ದಿನ ದಾರಿ ತೋರಿಸಿದ್ದು ರಣಹದ್ದುಗಳು.

ಜಿಂಕೆ ಲಂಟಾನದ ಪೊದೆಯಲ್ಲಿ ಬಿದ್ದಿತ್ತು. ಹೊಟ್ಟೆ ಉಬ್ಬಿ, ಕಣ್ಣಲ್ಲಿ ಹುಳು ಮಿಜಿಗುಡುತ್ತಿದ್ದವು. ಕಾಲಿನಿಂದ ಕೆರೆದು ಕೆರೆದು ನೆಲ ಒಂದು ಗೇಣು ಹಳ್ಳವಾಗಿತ್ತು. ಎಷ್ಟು ಹೊತ್ತು ಒದ್ದಾಡಿತ್ತೋ. ಪಕ್ಕೆಯ ಹಿಂದೆ ಕಡಲೆಕಾಳಿನಷ್ಟು ತೂತು. ಮೂಗು ಮುಚ್ಚಿಕೊಂಡು ಮಗ್ಗುಲು ತಿರುಗಿಸಿ ನೋಡಿದ. ಆ ಕಡೆಯೂ ಅಷ್ಟೇ ತೂತು.

ಅವನು ಕೂತು ವಾಂತಿ ಮಾಡಿಕೊಂಡ. ನಾತಕ್ಕಲ್ಲ. ಒಂದು ಕೋವಿಯ ಆಸೆಗೆ ಯಾರಿಗೆ ದಾರಿ ತೋರಿಸಿದೆ ಎಂದು ತನ್ನ ಮೇಲೇ ಅಸಹ್ಯವಾಯಿತು.

ತಲೆಯನ್ನು ಕುಯ್ದು ಗೋಣಿಚೀಲಕ್ಕೆ ಹಾಕಿಕೊಂಡ. ಬಸ್ಸಿನವನು ಹತ್ತಿಸಿಕೊಳ್ಳಲಿಲ್ಲ. ಹೊಸಕೋಟೆಯವರೆಗೆ ನಡೆದೇ ಹೋದ. ಕಂಟ್ರಾಕ್ಟರ ಮನೆಯ ಮುಂದೆ ಜೀಪು ನಿಂತಿತ್ತು. ಡ್ರೈವರ್ ಸೀಟಿನ ಮುಂದೆ ಅರಿಶಿನದ ಬಟ್ಟೆಯ ಗಂಟು ತೂಗುತ್ತಿತ್ತು. ಪಿಳ್ಳಣ್ಣ ಮುಟ್ಟಿ ನೋಡಿದ. ತಾನು ಹಾಕಿದ ಗಂಟೇ. ಒಳಗೆ ಐದೂ ಇದ್ದವು.

ಚೀಲವನ್ನು ಹೊಸ ಜಗಲಿಯ ಮೇಲೆ ಸುರಿದ. ಆದಿನಾರಾಯಣಪ್ಪನವರು ಪಂಚೆಯ ಚುಂಗಿನಿಂದ ಮೂಗು ಮುಚ್ಚಿಕೊಂಡು ಹೊರಗೆ ಬಂದರು, ಬಗ್ಗಿ ನೋಡಿದರು.

"ಕೊಂಬೇನೂ ಮುರಿದಿಲ್ಲ ತಾನೆ?"

ಪಿಳ್ಳಣ್ಣ ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡ.

"ಆಯ್ತು ಬಿಡು, ಮಾತು ಅಂದ್ರೆ ಮಾತು" ಎಂದು ಅವರು ಒಳಗಿನಿಂದ ಅರ್ಜಿಯನ್ನೂ ಮಸಿ ಡಬ್ಬಿಯನ್ನೂ ತರಿಸಿದರು. "ಒತ್ತು."

ಪಿಳ್ಳಣ್ಣ ತನ್ನ ಹೆಬ್ಬೆರಳು ನೋಡಿಕೊಂಡ. ಉಗುರಿನ ಸಂದಿಯಲ್ಲಿ ಜಿಂಕೆಯ ರಕ್ತ ಕಪ್ಪಗೆ ಒಣಗಿತ್ತು.

"ದೇವ್ರ ಮುಂದಿಟ್ಟಿದ್ದನ್ನ ಜೀಪಿಗೆ ನೇತಾಕ್ಕೊಂಡು, ತಾಮ್ರದ ಗುಂಡಲ್ಲಿ ಹೊಡೆದ್ರಿ. ನಿಮ್ಮ ಕಾಗದಕ್ಕೆ ನನ್ನ ಬೆರಳು ಮುಟ್ಸಕ್ಕೆ ಹೇಸಿಗೆ ಆಯ್ತದೆ ಸ್ವಾಮಿ" ಎಂದು ಜಗಲಿ ಇಳಿದ.

ಮನೆ ಸೇರುವಾಗ ಹೊತ್ತು ಮುಳುಗುತ್ತಿತ್ತು. ಗಂಡ ಹೊಸಕೋಟೆಗೆ ಹೋದ ಸುದ್ದಿ ಮುನಿಗಂಗಮ್ಮನಿಗೆ ಮುಟ್ಟಿತ್ತು. ಇನ್ನೇನು ಕೋವಿ ಬಂದೇ ಬಿಡುತ್ತದೆಂದು ಗೂಟ ಖಾಲಿ ಮಾಡಿ, ಒರೆಸಿ, ಕುಂಕುಮ ಇಟ್ಟಿದ್ದಳು. ಪಿಳ್ಳಣ್ಣ ಹಿತ್ತಲಲ್ಲಿ ಬೂದಿ ಹಾಕಿ ಕೈ ತಿಕ್ಕಿ ತಿಕ್ಕಿ ತೊಳೆದುಕೊಂಡ. ಆಮೇಲೆ ಒಳಗೆ ಬಂದು, ಮೂಲೆಯಲ್ಲಿದ್ದ ಮೊರವನ್ನು ತಾನೇ ಎತ್ತಿ ಗೂಟಕ್ಕೆ ನೇತುಹಾಕಿದ.